ಒಂದೇ ದುಂಬಿ, ಮೂರು ಹೂವು

ಬದುಕಿದ್ದ ದುಂಬಿಗಳನ್ನು ಹಿಡಿದು ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿದರು. ಅವು ಮರಗಟ್ಟಿದ ಮೇಲೆ ಹೂವಿನೊಳಗೆ ಕೂರಿಸಿ ಪಟ ತೆಗೆದರು. ಆ ಪಟದ ಕೆಳಗೆ ‘ಜೀವಂತ’ ಎಂದು ಬರೆದರು. ಇದು ಮೋಸ. ಇದು ಕೊಲೆ. ಹೇಗೆ ನಡೆಯಿತು ಅಂತ ಹೇಳುತ್ತೇನೆ, ಹತ್ತಿರ ಬಂದು ಕೂತುಕೊಳ್ಳಿ.

ಮೂರು ಹೊಳೆ ದಾಟಿದರೆ ಒಂದು ರಾಜ್ಯ. ಅದಕ್ಕೆ ಬೊಮ್ಮರಸ ದೊರೆ. ಆ ರಾಜ್ಯದಲ್ಲಿ ಕ್ಯಾಮೆರಾ ಇತ್ತು. ದೊರೆಗಳ ಕಾಲಕ್ಕೆ ಕ್ಯಾಮೆರಾ ಎಲ್ಲಿಂದ ಬಂತು ಅಂತ ಕೇಳಬೇಡಿ, ಇತ್ತು.

ದೊರೆಗೆ ಹುಳಗಳ ಮೋಹ. ಹುಳುವಿನ ಮುಖವನ್ನು ಹತ್ತಿರದಿಂದ ಪಟದಲ್ಲಿ ಹಿಡಿಸಿ, ಬಾಗಿಲಷ್ಟು ದೊಡ್ಡದು ಮಾಡಿಸಿ, ಹಜಾರದ ಗೋಡೆಗೆ ಹಾಕಿಸುತ್ತಿದ್ದ. ಸಂಜೆ ದೀಪ ಹಚ್ಚಿದರೆ ಆ ಹಜಾರ ಕನಸಿನ ಹಾಗೆ ತೇಲುತ್ತಿತ್ತು. ದುಂಬಿಯ ಮೈಕೂದಲು ಕಪ್ಪು ಹುಲ್ಲಿನ ಗುಡ್ಡ. ಚಿಟ್ಟೆಯ ರೆಕ್ಕೆ ಹೆಂಚು ಹೊದಿಸಿದ ಮಾಡು. ಜೇನಿನ ಕಣ್ಣಲ್ಲಿ ಸಾವಿರ ಕಿಟಕಿ, ಒಂದೊಂದು ಕಿಟಕಿಯಲ್ಲೂ ಒಂದೊಂದು ಆಕಾಶ. ದೊರೆ ಅವುಗಳ ನಡುವೆ ತಾನೇ ಒಂದು ಹುಳು ಎನ್ನುವಂತೆ ಮೆಲ್ಲಗೆ ಓಡಾಡುತ್ತಿದ್ದ. ಅವನದು ಒಂದೇ ಕಟ್ಟಪ್ಪಣೆ: “ಬದುಕಿರುವ ಹುಳುವಿನ ಪಟವೇ ಬೇಕು.”

ಪಟ ತೆಗೆಯುವವನು ಚಿಕ್ಕರಾಯ. ಬದುಕಿರುವ ಹುಳು ನಿಲ್ಲುತ್ತದೆಯೇ? ಮೊದಲ ದಿನ ಹತ್ತಿರ ಹೋದ, ಹಾರಿತು. ಎರಡನೆಯ ದಿನ ಉಸಿರು ಬಿಗಿಹಿಡಿದು ಹೋದ, ಹಾರಿತು. ಮೂರನೆಯ ದಿನ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದ, ಹಾರಿತು. ನಾಲ್ಕನೆಯ ದಿನ ಮಂಜುಗಡ್ಡೆಯ ಪೆಟ್ಟಿಗೆ ತಂದ. ಆಳುಗಳು ಬಲೆ ಹಿಡಿದು ಹೊಲಹೊಲ ಸೋಸಿದರು.

ಆ ಹೊಲಗಳ ಸಾಲಲ್ಲಿ ಕೆಂಚವ್ವನ ಕುಂಬಳದ ಹೊಲವೂ ಇತ್ತು. ಗಂಡು ಹೂವಿನ ಹುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಲು ದುಂಬಿ ಬೇಕು. ಆ ವರ್ಷ ದುಂಬಿ ಬರಲಿಲ್ಲ. ಹೂ ಅರಳಿತು, ಬಾಡಿತು. ಹೂವಿನ ಬುಡದ ಹೀಚು ಹಳದಿಯಾಗಿ ಕೊಳೆತು ಬಿತ್ತು. ಅವಳ ಮನೆಗೆ ವರ್ಷದ ಊಟವೆಂದರೆ ಆ ಬಳ್ಳಿಗಳೇ.

ಕೆಂಚವ್ವ ಅರಮನೆಗೆ ಹೋದಳು. ಕಾವಲಿನವನು ನಕ್ಕ. “ದುಂಬಿ ಕಳುವಾಯಿತಾ? ಕಟ್ಟಿಹಾಕಬೇಕಿತ್ತು, ಅಜ್ಜಿ!”

ಎರಡನೆಯ ಸಲ ಹೋದಳು. ಚಿಕ್ಕರಾಯನೇ ಎದುರಾದ. “ಏ ಮುದುಕಿ, ಕೈಯಲ್ಲೇ ಹೂವಿಗೆ ಹುಡಿ ಸವರಿಕೋ ಹೋಗು.”

“ಎಷ್ಟು ಹೂವಿಗೆ ಸವರಲಪ್ಪ? ನೀನು ಬರ್ತೀಯಾ ಕೂಲಿಗೆ?” ಎಂದು ತಿರುಗಿ ಬಂದಳು.

ಮೂರನೆಯ ಸಲ ಯಾರನ್ನೂ ಕೇಳಲಿಲ್ಲ. ನೇರ ಹಜಾರಕ್ಕೆ ನುಗ್ಗಿ, ಕೊಳೆತ ಹೀಚುಗಳ ಕುಕ್ಕೆಯನ್ನು ದೊರೆಯ ಕಾಲ ಬಳಿ ಸುರಿದಳು.

“ಏನಮ್ಮ ಇದು?”

“ನಿಮ್ಮ ಪಟಗಳು ತಿಂದು ಉಳಿಸಿದ್ದು, ಬುದ್ಧಿ.” ಅವಳು ಗೋಡೆಯ ದೊಡ್ಡ ದುಂಬಿಯನ್ನು ನೋಡಿದಳು. “ಕುಂಬಳದ ಹೂವೊಳಗೆ ಹೊಕ್ಕ ದುಂಬಿ ಮೈಯೆಲ್ಲ ಹುಡಿ ಮೆತ್ತಿಕೊಂಡಿರುತ್ತೆ. ಇದೇನು, ಮದುವೆಗೆ ಹೊರಟ ಹಾಗಿದೆ?”

“ಹುಡಿ ಇದ್ದರೆ ಕೊಳಕು ಕಾಣುತ್ತೆ ಅಂತ ನಾನೇ ಕುಂಚದಲ್ಲಿ ಒರೆ...” ದೊರೆಯ ಪಕ್ಕ ನಿಂತಿದ್ದ ಚಿಕ್ಕರಾಯ ನಾಲಿಗೆ ಕಚ್ಚಿಕೊಂಡ.

“ಬದುಕಿದ್ದ ದುಂಬಿ ನಿನ್ನ ಕೈಲಿ ಒರೆಸಿಕೊಂಡಿತೇ?” ದೊರೆ ಕೇಳಿದ.

“ನನ್ನ ಪ್ರೀತಿಗೆ ನಿಲ್ಲುತ್ತವೆ, ಮಹಾಸ್ವಾಮಿ. ಕರೆದರೆ ಬರುತ್ತವೆ.”

“ಹಾಗಾದರೆ ನಾಳೆ ನನ್ನ ಹೊಲಕ್ಕೆ ಬಾರಪ್ಪ,” ಎಂದಳು ಕೆಂಚವ್ವ. “ಹೆಚ್ಚೇನೂ ಬೇಡ. ಒಂದೇ ದುಂಬಿ, ಮೂರು ಹೂವು. ಮೂರು ಪಟ ತೆಗೆದು ತೋರಿಸು. ದೊರೆ ನೋಡಲಿ.”

ಬೆಳಗಾಯಿತು. ಮಂಜು ಇನ್ನೂ ಬಳ್ಳಿಗಳ ಮೇಲೆ ಮಲಗಿತ್ತು. ಹಳದಿ ಹೂಗಳು ಒಂದೊಂದಾಗಿ ಬಾಯಿ ತೆರೆದವು. ಚಿಕ್ಕರಾಯ ಬೆನ್ನು ತಿರುಗಿಸಿ ಜೋಳಿಗೆಯಿಂದ ಏನೋ ತೆಗೆದು ಹೂವಿನೊಳಗಿಟ್ಟ. “ಬಂತು, ಬಂತು!” ಎಂದು ಪಟ ತೆಗೆದ.

“ಒಂದಾಯಿತು. ಇನ್ನು ಪಕ್ಕದ ಹೂವಿಗೆ ಕರಿ,” ಎಂದಳು ಕೆಂಚವ್ವ.

ಚಿಕ್ಕರಾಯ ಕರೆದ. ದುಂಬಿ ಅಲುಗಲಿಲ್ಲ. ಊದಿದ. ಅಲುಗಲಿಲ್ಲ. ಬೆರಳಲ್ಲಿ ತಳ್ಳಿದ. ಕಾಲು ಮಡಚಿಕೊಂಡು ಮಣ್ಣಿಗೆ ಉರುಳಿತು.

ದೊರೆ ಬಗ್ಗಿ ಅದನ್ನು ಅಂಗೈಗೆ ಎತ್ತಿಕೊಂಡ. ಕಲ್ಲಿನ ಹಾಗೆ ತಣ್ಣಗಿತ್ತು. ಮಂಜು ಕರಗಿತು. ಬಿಸಿಲು ದೊರೆಯ ಅಂಗೈ ತುಂಬಿತು. ಆಗ ಒಂದು ಕಾಲು ಅಲುಗಿತು. ಮೈ ನಡುಗಿತು. ಬೆರಳುಗಳ ನಡುವೆ ಸಣ್ಣ ಗುಂಯ್‌ ಎಂಬ ಸದ್ದು ಹುಟ್ಟಿತು, ದೂರದಲ್ಲಿ ಯಾರೋ ಜೋಗುಳ ಶುರುಮಾಡಿದ ಹಾಗೆ. ದುಂಬಿ ಎದ್ದಿತು. ಪಕ್ಕದ ಹೂವಿಗೆ ಹೋಯಿತು. ಅಲ್ಲಿಂದ ಇನ್ನೊಂದಕ್ಕೆ. ಹುಡಿ ಮೆತ್ತಿಕೊಂಡು, ಕೊಳಕಾಗಿ, ಚಿನ್ನದ ಹಾಗೆ ಹೊಳೆಯುತ್ತಾ.

“ಜೋಳಿಗೆ ಬಿಚ್ಚು,” ಎಂದ ದೊರೆ.

ಒಳಗಿದ್ದ ಮಂಜುಗಡ್ಡೆಯ ಪೆಟ್ಟಿಗೆ ತೆರೆದು, ಅದರಲ್ಲಿದ್ದ ದುಂಬಿಗಳನ್ನೆಲ್ಲ ಬಿಸಿಲಿಗೆ ಹರಡಿದರು. ಕೆಲವು ಎದ್ದವು. ಹೆಚ್ಚಿನವು ಏಳಲಿಲ್ಲ.

“ಅಪ್ಪಣೆ ನಿಮ್ಮದೇ, ಬುದ್ಧಿ,” ಎಂದಳು ಕೆಂಚವ್ವ. “ಬದುಕಿದ್ದದ್ದೇ ಬೇಕು ಅಂದಿರಿ. ಬದುಕಿದೆಯಾ ಅಂತ ಒಂದು ದಿನವೂ ಕೇಳಲಿಲ್ಲ.”

ದೊರೆ ತಲೆ ತಗ್ಗಿಸಿದ. ಅಂದೇ ಹಜಾರದ ಗೋಡೆ ಬರಿದಾಯಿತು. ಬಲೆಗಳು ಒಲೆಗೆ ಹೋದವು. ಕೆಂಚವ್ವನ ಮನೆಯ ವರ್ಷದ ಊಟ ಅರಮನೆಯ ಕಣಜದಿಂದ ಬಂತು. ಚಿಕ್ಕರಾಯನಿಗೆ ಸಿಕ್ಕ ಶಿಕ್ಷೆ ಇಷ್ಟೇ: ಬಳ್ಳಿ ಹೂ ಬಿಡುವಷ್ಟು ಕಾಲವೂ ಅದೇ ಹೊಲದಲ್ಲಿ ಕೂತು, ದುಂಬಿ ಬಾರದ ಹೂವಿಗೆಲ್ಲ ಕೈಯಲ್ಲೇ ಹುಡಿ ಸವರಬೇಕು. ಅವನ ಸೊಂಟ ಬಾಗಿತು. ಕೆಂಚವ್ವ ಮಜ್ಜಿಗೆ ಕೊಡುತ್ತಾ, “ಸರಿಯಾಗಿ ಸವರಪ್ಪ, ಒಂದು ದುಂಬಿಯ ಕೆಲಸವೂ ಆಗಲಿಲ್ಲ ನಿನ್ನಿಂದ,” ಎನ್ನುತ್ತಿದ್ದಳು.

ನೀತಿ ನೇರವಾಗಿ ಹೇಳುತ್ತೇನೆ. ಜೀವವನ್ನು ತಡೆದು ತೆಗೆದ ಪಟ ಜೀವದ ಚಿತ್ರವಲ್ಲ. ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದವನೂ ಪೆಟ್ಟಿಗೆಯ ಮುಚ್ಚಳ ಒತ್ತಿದವನೇ.

ನಿಮ್ಮ ಕೈಯಲ್ಲೂ ಈಗ ಕ್ಯಾಮೆರಾ ಇದೆ. ಹುಳುವಿನ ಹತ್ತಿರ ಹೋಗಿ, ಕೂತು ಕಾಯಿರಿ. ಹಾರಿದರೆ ಹಾರಲಿ ಬಿಡಿ. ಯಾರಾದರೂ ಅಲುಗದೆ ಕೂತ ಹುಳುವಿನ ಚೆಂದದ ಪಟ ತೋರಿಸಿದರೆ, ವಾಹ್ ಅನ್ನುವ ಮೊದಲು ಎಲ್ಲರೆದುರು ಗಟ್ಟಿಯಾಗಿ ಕೇಳಿ: “ಪಟ ತೆಗೆದ ಮೇಲೆ ಇದು ಎಲ್ಲಿಗೆ ಹೋಯಿತು?” ಉತ್ತರ ಬರುವವರೆಗೆ ಬಿಡಬೇಡಿ.