ಮೀನುಗಳನ್ನು ಕೊಂದ ಕೈ

ಸೋಮಗಿರಿಯ ಬೀದಿಬೀದಿಗಳಲ್ಲಿ ಅರಸನ ಡಂಗುರ ಮೊಳಗಿತು. ರಾಜಕುಮಾರಿ ಚಂದಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಮದುವೆ ಮಾಡಿಕೊಡಲಾಗುವುದು, ಅವನು ಬೇಡಿದ್ದೊಂದನ್ನು ನಡೆಸಿಕೊಡಲಾಗುವುದು. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುವುದು. ತಲೆಯ ಮಾತು ಸೇರಿಸಿದವನು ಅರಸ. ಕೆಲಸವಿಲ್ಲದವರು ಬಂದು ಮಗಳನ್ನು ಕಾಡಬಾರದೆಂದು ಹಾಗೆ ಮಾಡಿದ್ದ. ಚಂದಲೆಗೆ ಅದು ಇಷ್ಟವಿರಲಿಲ್ಲ. ಬೇಡವೆನ್ನಲು ಬಾಯಿಯೂ ಬರಲಿಲ್ಲ.

ಮೊದಲು ಬಂದವನು ನೆರೆನಾಡಿನ ಯುವರಾಜ. ಚಂದಲೆ ತಲೆ ತಗ್ಗಿಸಿಯೇ ಕೇಳಿದಳು: "ಬಾಯಿಗೆ ಸೇರಿದಷ್ಟು ಅದು ಅಮೃತ. ಬಾಯಿ ತಪ್ಪಿ ಉಳಿದದ್ದು ಉಂಡವರ ಮನೆಯನ್ನೇ ಕೆಡಿಸುವ ವಿಷ. ಅದು ಯಾವುದು?" ಯುವರಾಜ ಹೊಗಳಿಕೆ ಎಂದ. ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದವನು ಆಸ್ಥಾನದ ವೈದ್ಯನ ಮಗ. ಜಾಣ. ಅದು ಮೀನಿಗೆ ಹಾಕುವ ಆಹಾರ, ಹೆಚ್ಚಾದದ್ದು ತಳ ಸೇರಿ ಕೊಳೆತು ನೀರನ್ನು ವಿಷ ಮಾಡುತ್ತದೆ ಎಂದು ತಡವರಿಸದೆ ಹೇಳಿದ. ಅವಳು ಎರಡನೆಯದನ್ನು ಕೇಳಿದಳು: "ಕಲ್ಲಾಗಿ ಮಲಗಿದ್ದಷ್ಟು ದಿನ ಕೆಡುವುದಿಲ್ಲ. ಒಮ್ಮೆ ಮೆತ್ತಗಾದರೆ ಆಗಲೇ ಬಳಸಬೇಕು. ಮತ್ತೆ ಕಲ್ಲಾಗಿಸಿದರೆ ನೋಡಲು ಮೊದಲಿನಂತೆಯೇ ಇರುತ್ತದೆ, ಒಳಗೆ ಕೆಟ್ಟಿರುತ್ತದೆ. ಅದು ಯಾವುದು?" ಮೀನಿಗೆಂದು ಹಿಮದಲ್ಲಿ ಹೆಪ್ಪುಗಟ್ಟಿಸಿಟ್ಟ ಹುಳು, ಸೀಗಡಿ ಎಂದು ಅದನ್ನೂ ಬಿಡಿಸಿದ. ಸಭೆ ತಲೆದೂಗಿತು.

ಮೂರನೆಯದಕ್ಕೆ ಅವಳ ದನಿ ಕುಗ್ಗಿತು. "ಒಂದು ಮನೆಯವರೆಲ್ಲ ಒಂದೇ ರಾತ್ರಿ ಸತ್ತರು. ಬೀಗ ಒಡೆದಿರಲಿಲ್ಲ. ಕೊಂದ ಕೈಗೆ ಅವರ ಮೇಲೆ ದ್ವೇಷವಿರಲಿಲ್ಲ. ಆ ಕೈ ಯಾರದು?"

ವೈದ್ಯನ ಮಗ ನಕ್ಕ. ಅರಮನೆಯ ಗಾಜಿನ ತೊಟ್ಟಿಯ ಮೀನುಗಳು ಸತ್ತದ್ದು, ಅವನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಸಿಂಗವ್ವನನ್ನು ಅರಸ ಊರು ಬಿಡಿಸಿದ್ದು ಎಲ್ಲರಿಗೂ ಗೊತ್ತಿತ್ತು. ಅವನು ಸಿಂಗವ್ವನ ಹೆಸರು ಹೇಳಿದ. ಚಂದಲೆ ಮುಖ ಮುಚ್ಚಿಕೊಂಡು ತಪ್ಪು ಎಂದಳು. ಅನಂತರ ಬಂದವರೂ ಅಲ್ಲಿಯೇ ಎಡವಿದರು. ಸೆರೆಮನೆ ತುಂಬುತ್ತ ಹೋಯಿತು, ಹುಣ್ಣಿಮೆ ಹತ್ತಿರವಾಗುತ್ತ ಬಂತು.

ಮಲೆಯ ಮೇಲಿಂದ ಅರಮನೆಯ ನೆಲಮಾಳಿಗೆಗೆ ಹಿಮ ಹೊರುವ ಕೆಂಚನೆಂಬವನಿದ್ದ. ಮೀನಿನ ಆಹಾರ ಉಪ್ಪು ಬೆರೆಸಿದ ಆ ಹಿಮದಲ್ಲಿಯೇ ಇರುತ್ತಿತ್ತು. ಸಿಂಗವ್ವ ಅದನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟೇ ಬಿಲ್ಲೆ ಮಾಡಿಟ್ಟಿದ್ದಳು. ಮೀನುಗಳು ಸಾಯುವ ಮುಂಚಿನ ಸಂಜೆ ಚಂದಲೆ ಬಿಲ್ಲೆಗಳನ್ನೆಲ್ಲ ಹೊರಗಿಟ್ಟು ಕರಗಿಸಿ, ಉಗುರಿನುದ್ದದ ಮೀನುಗಳಿಗೆ ಹಿಡಿಹಿಡಿಯಾಗಿ ಸುರಿದು, ಉಳಿದದ್ದನ್ನು ಮತ್ತೆ ಹಿಮದಲ್ಲಿಟ್ಟದ್ದನ್ನು ಕೆಂಚ ಕಂಡಿದ್ದ. ತೀರಿಹೋದ ತಾಯಿ ಸಾಕಿದ್ದ ಮೀನುಗಳೆಂದು ಅವಳಿಗೆ ಅವುಗಳ ಮೇಲೆ ಪ್ರಾಣ, ಹೊಟ್ಟೆತುಂಬ ತಿನ್ನಲಿ ಎಂದೇ ಸುರಿದಿದ್ದಳು. ಮರುದಿನ ಸಿಂಗವ್ವನನ್ನು ದೂಡುವಾಗ ಅವಳೂ ಸುಮ್ಮನಿದ್ದಳು, ಕೆಂಚನೂ ಸುಮ್ಮನಿದ್ದ. ಹೋಗುವಾಗ ಮುದುಕಿ ಅವನ ಮುಖ ನೋಡಿದ್ದಳು. ಮೂರನೆಯ ಒಗಟು ಪೇಟೆಯ ಬಾಯಿಗೆ ಬಿದ್ದು ಅವನ ಕಿವಿ ತಲುಪಿದಾಗ ಹೊರೆ ಇಳಿಸಿ ನೇರ ಸಭೆಗೆ ಬಂದ.

ಮೊದಲೆರಡು ಉತ್ತರ ಊರಿಗೆಲ್ಲ ತಿಳಿದಿದ್ದವು, ಅವನೂ ಅವನ್ನೇ ಹೇಳಿದ. ಮೂರನೆಯದಕ್ಕೆ ರಾಜಕುಮಾರಿಯ ಕಡೆ ತಿರುಗಿದ.

"ಆ ಕೈ ತಮ್ಮದು, ಅಮ್ಮಣ್ಣಿ," ಎಂದ. "ನಾನು ಕಂಡಿದ್ದೆ. ಜೀವಭಯಕ್ಕೆ ಬಾಯಿ ಬಿಡಲಿಲ್ಲ."

ಅರಸ ಕತ್ತಿಗೆ ಕೈ ಹಾಕಿದ. ಚಂದಲೆ ಎದ್ದು ಅಡ್ಡ ಬಂದಳು. "ಅವನು ಹೇಳಿದ್ದು ನಿಜ, ಅಪ್ಪಾಜಿ. ನಿಮ್ಮ ಮುಂದೆ ಹೇಳಲು ನನಗೆ ನಾಲಗೆ ಬರಲಿಲ್ಲ. ಬೇರೆ ಯಾರಾದರೂ ಹೇಳಲಿ ಎಂದು ಒಗಟು ಮಾಡಿದೆ. ಅದಕ್ಕಾಗಿ ಇಷ್ಟು ಜನರನ್ನು ಸೆರೆಗೆ ಹಾಕಿಸಿದೆ."

ಅರಸನ ಕತ್ತಿ ಒರೆಯಲ್ಲಿಯೇ ಉಳಿಯಿತು. ವಿಚಾರಿಸದೆ ಶಿಕ್ಷೆ ಕೊಟ್ಟವನು ತಾನು ಎಂಬುದು ಅವನಿಗೂ ಹೊಳೆದು, ತುಂಬಿದ ಸಭೆಯಲ್ಲಿ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಸೆರೆಯವರನ್ನು ಬಿಡಿಸಿ, ಏನು ಬೇಕೆಂದು ಕೆಂಚನನ್ನು ಕೇಳಿದ. ಸಿಂಗವ್ವ ಮರಳಿ ಬರಬೇಕು ಎಂದ ಕೆಂಚ. ಮದುವೆಯ ಮಾತಿಗೆ, ಮೊದಲು ಆ ಮುದುಕಿಗೆ ಮುಖ ತೋರಿಸಿ ಬರೋಣ ಎಂದಷ್ಟೇ ಹೇಳಿದ.

ಕೆಂಚ, ಚಂದಲೆ ಇಬ್ಬರೂ ನಡೆದುಕೊಂಡೇ ಹೋದರು. ಗಡಿಯಾಚೆಯ ಗುಡಿಸಲಲ್ಲಿ ಸಿಂಗವ್ವ ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದಳು. ಪರವಾಗಿಲ್ಲ ಎನ್ನಲಿಲ್ಲ. ಕೊನೆಗೆ, ಒಂದಾದರೂ ಮೀನು ಉಳಿದಿದೆಯೇ ಎಂದು ಕೇಳಿದಳು. ಇಲ್ಲವೆನ್ನಲಾಗದೆ ಚಂದಲೆ ಅತ್ತಳು. ಮುದುಕಿ ಎದ್ದು ಬಟ್ಟೆಯ ಗಂಟು ಕಟ್ಟಿಕೊಂಡು ಅವರೊಡನೆ ಹೊರಟಳು.

ಮುಂದಿನ ಚಳಿಗಾಲಕ್ಕೆ ಮದುವೆಯಾಯಿತು, ನೆಲಮಾಳಿಗೆ ಕೆಂಚನ ವಶಕ್ಕೆ ಬಂತು. ತೊಟ್ಟಿಗೆ ಹೊಸ ಮೀನುಗಳು ಬಂದ ಬೆಳಗ್ಗೆ ಸಿಂಗವ್ವ ಕರಗಿದ ಒಂದು ಬಿಲ್ಲೆಯನ್ನು ಬಟ್ಟಲಲ್ಲಿ ತಂದು ರಾಜಕುಮಾರಿಯ ಕೈಗೇ ಕೊಟ್ಟಳು. ಚಂದಲೆ ಬಟ್ಟಲನ್ನು ಹಿಂದಕ್ಕೆ ಚಾಚಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದು, ಚಿಟಿಕೆಯಷ್ಟೇ ನೀರಿಗೆ ಹಾಕಿಸಿ, ಮೀನುಗಳು ಅದನ್ನು ತಿಂದು ಮುಗಿಸುವ ತನಕ ಹಾಗೆಯೇ ಹಿಡಿದುಕೊಂಡಿದ್ದಳು.