ಒಳ್ಳೆಯ ಹುಡುಗಿಯ ಪಾಠ

"ಸತ್ತವರು ಬರೆದ ವಾಕ್ಯಗಳನ್ನು ಬರೆದೂ ಬರೆದೂ ನಮ್ಮ ಬೆರಳು ಸವೆದವು. ನಮ್ಮ ಸ್ವಂತ ವಾಕ್ಯ ಬರೆಯುವುದು ಯಾವಾಗ, ಗುರುಗಳೇ?"

ಕೇಳಿದವನು ಕೊಟ್ರೇಶಿ. ಗುರುಸಿದ್ಧಯ್ಯನವರ ಮನೆಯ ಪಡಸಾಲೆಯಲ್ಲಿ ಕಲಿಯುತ್ತಿದ್ದ ಹುಡುಗರಲ್ಲಿ ಬಾಯಿ ದೊಡ್ಡದಿದ್ದದ್ದು ಅವನದೇ. ಅಲ್ಲಿ ಬರವಣಿಗೆ ಕಲಿಸಲು ಇದ್ದದ್ದು ಒಂದೇ ಒಂದು ವಾಚನ ಪುಸ್ತಕ. ಅದೂ ಗುರುಗಳ ಅಜ್ಜನ ಕಾಲದ್ದು. ಅದರೊಳಗೆ ಅರಸರ ದೀರ್ಘಾಯುಷ್ಯಕ್ಕೆ ಪ್ರಾರ್ಥನೆ ಇತ್ತು, ಅರಸರು ಯಾವತ್ತೋ ತೀರಿಕೊಂಡಿದ್ದರು. ದಿನಕ್ಕೊಂದು ಪಾಠ ಓದಬೇಕು, ಪುಸ್ತಕ ಮುಚ್ಚಬೇಕು, ನೆನಪಿನಿಂದ ಬರೆಯಬೇಕು, ತೆರೆದು ಹೋಲಿಸಬೇಕು. ಕೊಟ್ರೇಶಿಗೆ ಸಾಕುಸಾಕಾಗಿತ್ತು. ಆ ದಿನ ಬೆಳಗಾಗುತ್ತಲೇ ಯಾರೂ ಬರುವ ಮೊದಲು ಬಂದು, ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು, ಕೊಟ್ಟಿಗೆಯ ಅಟ್ಟ ಹತ್ತಿ ಹುಲ್ಲಿನೊಳಗೆ ತುರುಕಿ ಇಳಿದಿದ್ದ. ಆಮೇಲೆ ಹುಡುಗರೆಲ್ಲ ಹುಡುಕಿದರು. ಎಲ್ಲರಿಗಿಂತ ಜೋರಾಗಿ ಹುಡುಕಿದವನೂ ಅವನೇ. ಗೆದ್ದಲು ತಿಂದಿರಬೇಕು, ಪಾಪ, ಅದಕ್ಕೂ ಅಜೀರ್ಣವಾಗಿರುತ್ತದೆ ಎಂದು ಮರುಕ ಬೇರೆ ಪಟ್ಟ.

ಗುರುಗಳು ಹುಡುಕಲಿಲ್ಲ. ಕುಳಿತುಕೊಳ್ಳಿ ಎಂದರು. ಕತೆ ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ದರ್ಜಿ. ಅವನಿಗೊಬ್ಬಳು ಮಗಳು. ಅವಳು ಶಾಲೆಯಲ್ಲಿ ಯಾಕೆ, ಯಾಕೆ ಎಂದು ಕೇಳುತ್ತಾಳೆಂದು ಮೇಷ್ಟರು ಅವಳನ್ನು ದಿನವೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಹೊರಗೇ ನಿಲ್ಲುವುದಾದರೆ ನಮ್ಮನೆ ಬಾಗಿಲಲ್ಲೇ ನಿಲ್ಲಲಿ, ಇಲ್ಲಿ ನೆರಳಾದರೂ ಇದೆ ಎಂದು ದರ್ಜಿ ಅವಳನ್ನು ಶಾಲೆ ಬಿಡಿಸಿದ. ತಾನೇ ಕಲಿಸುತ್ತೇನೆಂದು ಕೂತ.

ಆದರೆ ಕಲಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಹೊಲಿಗೆ ಕಲಿಯಲು ಬಂದವರಿಗೆ ಅವನು ಹೊಸ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಚೆನ್ನಾಗಿ ಹೊಲಿದ ಹಳೆಯ ಕೋಟು ಕೊಟ್ಟು, ಬಟ್ಟೆ ಹರಿಯದಂತೆ ಇದರ ಹೊಲಿಗೆ ಬಿಚ್ಚು ಎನ್ನುತ್ತಿದ್ದ. ತುಂಡುಗಳನ್ನು ಹರಡಿ ನೋಡು. ಮತ್ತೆ ಅದೇ ತೂತುಗಳಲ್ಲಿ ಹೊಲಿ. ಅದು ಕೈಗೆ ಬಂದ ಮೇಲೆ ನೀನೇ ತೊಟ್ಟು ನೋಡು, ಎಲ್ಲಿ ಬಿಗಿಯೋ ಅಲ್ಲಿ ಬಿಚ್ಚಿ ಅಗಲ ಮಾಡು. ಮಗಳಿಗೂ ಅದನ್ನೇ ಮಾಡಿದ. ರದ್ದಿ ಅಂಗಡಿಯಿಂದ ಒಂದು ಹಳೆಯ ಪಠ್ಯಪುಸ್ತಕ ತಂದು ಅವಳ ಮುಂದಿಟ್ಟ.

ಹುಡುಗಿ ಪಾಠಗಳನ್ನು ಸಾಲು ಸಾಲಾಗಿ ಬಿಚ್ಚಿದಳು, ಪುಸ್ತಕ ಮುಚ್ಚಿ ಮತ್ತೆ ಹೊಲಿದಳು. ಎತ್ತಿನ ಗಾಡಿಯ ಪಾಠ ಮೈಗೆ ಸರಿಹೋಯಿತು. ಮಳೆಗಾಲದ ಪಾಠವೂ ಸರಿಹೋಯಿತು. 'ಒಳ್ಳೆಯ ಹುಡುಗಿ' ಎಂಬ ಪಾಠ ಬಂದಾಗ ಮಾತ್ರ, ಹೊಲಿಗೆಯೇನೋ ಅಚ್ಚುಕಟ್ಟಾಗಿದೆ, ಕಂಕುಳಲ್ಲಿ ಬಿಗಿಯುತ್ತದೆ ಎಂದಳು. ಹಾಗಾದರೆ ಏನು ಮಾಡಬೇಕೆಂದು ನಿನಗೆ ಗೊತ್ತಲ್ಲ ಎಂದ ಅಪ್ಪ, ಮಷಿನ್ನಿನಿಂದ ತಲೆ ಎತ್ತದೆ.

ಸುದ್ದಿ ಹಬ್ಬಿತು. ಶಾಲೆಗಳ ಪರೀಕ್ಷಕನೊಬ್ಬ ಛತ್ರಿ ಹಿಡಿದು ಬಂದ. ಈ ಹಳಸಲು ಪುಸ್ತಕದಿಂದ ಹುಡುಗಿ ಗಿಣಿಪಾಠ ಕಲಿಯುತ್ತಿದ್ದಾಳೆ, ಪುಸ್ತಕದಲ್ಲಿ ಇರುವುದರಾಚೆ ಒಂದು ವಾಕ್ಯ ಬರೆಯಲಾರಳು, ಚಾವಡಿಯಲ್ಲಿ ಎಲ್ಲರೆದುರು ತೋರಿಸುತ್ತೇನೆ ಎಂದ. ಬರೆಯದಿದ್ದರೆ ನಾಳೆಯಿಂದಲೇ ಅವಳು ಶಾಲೆಗೆ ವಾಪಸು ಹೋಗಬೇಕು. ಅಂದರೆ ಬಾಗಿಲ ಹೊರಗೆ. ಊರಗೌಡ ಒಪ್ಪಿದ.

ಚಾವಡಿಯಲ್ಲಿ ಊರವರು ಸೇರಿದ ಮೇಲೆ ಪರೀಕ್ಷಕ ಹುಡುಗಿಯ ಪುಸ್ತಕ ಕಿತ್ತುಕೊಂಡು ಹಾಳೆ ತಿರುವಿದ. ಬೇಕೆಂದೇ 'ಒಳ್ಳೆಯ ಹುಡುಗಿ' ಆರಿಸಿದ. ಇದರ ಬಗ್ಗೆ ಬರಿ ಎಂದು, ಕದ್ದ ಸಾಲು ಹಿಡಿಯಲು ಪುಸ್ತಕವನ್ನು ತನ್ನ ತೊಡೆಯ ಮೇಲೇ ತೆರೆದಿಟ್ಟುಕೊಂಡ. ಹುಡುಗಿ ಬರೆದುಕೊಟ್ಟಳು. ಅವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದ.

"ಒಳ್ಳೆಯ ಹುಡುಗಿ ಸೂರ್ಯ ಹುಟ್ಟುವ ಮೊದಲು ಏಳುತ್ತಾಳೆ."

ನೋಡಿದಿರಾ, ಪುಸ್ತಕದ್ದೇ ಸಾಲು ಎಂದು ಸುತ್ತಲೂ ನೋಡಿದ. ಮುಂದೆ ಓದಿದ.

"ಒಳ್ಳೆಯ ಹುಡುಗ ಯಾವಾಗ ಏಳುತ್ತಾನೆಂದು ಈ ಪುಸ್ತಕದಲ್ಲಿ ಇಲ್ಲ. ಪಾಠ ಬರೆಯುವಾಗ ಅವನಿನ್ನೂ ಮಲಗಿದ್ದಿರಬೇಕು. ಒಳ್ಳೆಯ ಹುಡುಗಿ ಮನೆಗೆಲಸವನ್ನು ನಗುನಗುತ್ತಾ ಮಾಡುತ್ತಾಳೆ. ನಮ್ಮವ್ವ ನೀರು ಹೊರುವಾಗ ನಕ್ಕದ್ದನ್ನು ನಾನು ನೋಡಿಲ್ಲ. ನಕ್ಕರೆ ಕೊಡ ಜಾರುತ್ತದೆ. ಒಳ್ಳೆಯ ಹುಡುಗಿ ಹಿರಿಯರಿಗೆ ಎದುರು ಮಾತನಾಡುವುದಿಲ್ಲ. ಆದ್ದರಿಂದ ನಾನು ಬರೆದಿದ್ದೇನೆ."

ಸಾಲು ಮುಂದೆ ಹೋದಂತೆ ಅವನ ದನಿ ಇಳಿಯುತ್ತಾ ಬಂದಿತ್ತು. ಕಟ್ಟೆಯ ಕೆಳಗೆ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಪರೀಕ್ಷಕ ತೊಡೆಯ ಮೇಲಿನ ಪುಸ್ತಕವನ್ನು ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ.

"ಇದು ಯಾವ ಪುಸ್ತಕದಲ್ಲೂ ಇಲ್ಲ," ಎಂದ, ಸಿಟ್ಟಿನಿಂದ.

"ಇದ್ದಿದ್ದರೆ ನಾನು ಬರೆಯುವ ಕೆಲಸ ತಪ್ಪುತ್ತಿತ್ತು, ಸ್ವಾಮಿ," ಎಂದಳು ಹುಡುಗಿ.

ಊರಗೌಡ ಗಡ್ಡ ಕೆರೆದುಕೊಂಡ. ಪುಸ್ತಕದಲ್ಲಿ ಇರುವುದಷ್ಟೇ ಇವಳಿಗೆ ಬರುತ್ತದೆ ಎಂದು ತೋರಿಸಲು ಬಂದವರು ನೀವು, ಪುಸ್ತಕದಲ್ಲಿ ಇಲ್ಲವೆಂದು ಹೇಳುತ್ತಿರುವವರೂ ನೀವೇ, ಇನ್ನು ನನ್ನ ತೀರ್ಪು ಯಾತಕ್ಕೆ ಎಂದು ಎದ್ದುಹೋದ. ಪರೀಕ್ಷಕ ಛತ್ರಿ ಮರೆತು ಹೋದ. ಹುಡುಗಿ ತನ್ನ ಪುಸ್ತಕ ತೆಗೆದುಕೊಂಡು, ಧೂಳು ಕೊಡವಿ, ಅಪ್ಪನ ಜೊತೆ ಮನೆಗೆ ನಡೆದಳು. ಶಾಲೆಯ ಬಾಗಿಲ ಹೊರಗೆ ಅವಳು ಮತ್ತೆ ನಿಲ್ಲಲಿಲ್ಲ.

ಕತೆ ಮುಗಿಯಿತು. ಕೊಟ್ರೇಶಿಗೆ ಹಿಗ್ಗೋ ಹಿಗ್ಗು. ತೊಡೆ ತಟ್ಟಿಕೊಂಡು, ಆ ಹುಡುಗಿ ನಮ್ಮ ಪಾರ್ಟಿ, ಹಳೇ ಪುಸ್ತಕದ ಮಾತಿಗೆ ಸೊಪ್ಪು ಹಾಕಲೇ ಇಲ್ಲ ನೋಡಿ, ನಾನು ಹೇಳಿದ್ದೂ ಅದನ್ನೇ ಅಲ್ಲವೇ ಎಂದ. ಇನ್ನೂ ಏನೇನೋ ಹೇಳುವವನಿದ್ದ. ಅಷ್ಟರಲ್ಲಿ ಗುರುಗಳು ಕೈ ಚಾಚಿ ಅವನ ಕಾಲರಿಗೆ ಸಿಕ್ಕಿಕೊಂಡಿದ್ದ ಒಂದು ಹುಲ್ಲುಕಡ್ಡಿಯನ್ನು ಎಳೆದು ತೆಗೆದರು. ಕೊಟ್ರೇಶಿ ಕಾಲರು ತಡವಿಕೊಂಡ.

"ಜಗಳವಾಡಲು ಅವಳ ಹತ್ತಿರ ಪುಸ್ತಕವಿತ್ತು ಮಗಾ, ನೀನೂ ಹೋಗಿ ಅಟ್ಟದಿಂದ ನಿನ್ನದನ್ನು ಇಳಿಸಿಕೊಂಡು ಬಾ."