ಉಪ್ಪುನೆಕ್ಕಿ ಗುಡ್ಡ

ಉಪ್ಪುನೆಕ್ಕಿ ಗುಡ್ಡದ ನಿಜವಾದ ಕಥೆ ಬಲ್ಲವನು ಇಡೀ ತೂಗುನಾಡಿನಲ್ಲಿ ನಾನೊಬ್ಬನೇ. ಬಲ್ಲವರು ಇನ್ನೂ ಏಳು ಮಂದಿ ಇದ್ದರು, ಎಲ್ಲರೂ ಮಣ್ಣಾದರು. ಅನುಮಾನ ಇದ್ದವರು ಅವರನ್ನೇ ಹೋಗಿ ಕೇಳಲಿ. ನಾನು ಅಕ್ಷರ ಕಲಿತವನಲ್ಲ. ನನ್ನ ಬಾಯಿಂದ ಬಂದದ್ದನ್ನು ಸೊಸೆ ಸಾಕವ್ವ ಬರೆದುಕೊಳ್ಳುತ್ತಿದ್ದಾಳೆ. ಗುಡ್ಡ ಇವತ್ತಿಗೂ ಕಡಲಿಗೆ ಬೆನ್ನು ತಿರುಗಿಸಿ, ಮುಂಗಾಲು ಮಡಚಿದ ಎತ್ತಿನ ಹಾಗೆ ಕೂತಿದೆ. ಬಂದವರು ಅದರ ಮೂತಿಯ ಬಂಡೆಗೆ ಒಂದು ಚಿಟಿಕೆ ಉಪ್ಪು ಸವರಿಯೇ ಮೇಲೆ ಹತ್ತುತ್ತಾರೆ.

ಹಿಂದೆ ಒಮ್ಮೆ, ಗುಡ್ಡಗಳು ನಡೆದಾಡುತ್ತಿದ್ದಾಗ, ತೂಗುನಾಡಿನವರು ಅವುಗಳಿಗೆ ಮೂಗುದಾರ ಹಾಕಿ ದನಗಳಂತೆ ಸಾಕುತ್ತಿದ್ದರಂತೆ. ಈ ಗುಡ್ಡ ನಮ್ಮ ಮನೆತನದ್ದು. ದಿನಾ ಬೆಳಗ್ಗೆ ಮನೆಯ ಹಿರಿಯನೇ ಗುಟ್ಟಿನ ಹೆಸರು ಹಿಡಿದು ಕರೆದು ಅದಕ್ಕೆ ಉಪ್ಪು ನೆಕ್ಕಿಸಬೇಕು. ಆ ಹೆಸರು ಇನ್ನೊಬ್ಬರಿಗೆ ತಿಳಿಯಕೂಡದು. ಆಗ ಹಿರಿಯ ನಮ್ಮ ಮುತ್ತಜ್ಜ ಪಟ್ಟಣ್ಣ. ಅವನ ತಮ್ಮ ದುಗ್ಗಣ್ಣನನ್ನು ವಂಶಾವಳಿ ಹಾಡುವವರು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ದೈತ್ಯರ ಜೊತೆ ಕುಸ್ತಿ, ಹದ್ದಿನ ಬೆನ್ನೇರಿ ಊರೂರು ತಿರುಗಾಟ, ಇಷ್ಟೇ ಅವನ ಕಸುಬು. ಅಂಥವನ ಕೈಗೆ ಮನೆಯವರು ಒಂದು ಹರಳು ಉಪ್ಪನ್ನೂ ಕೊಡುತ್ತಿರಲಿಲ್ಲ.

ಪಟ್ಟಣ್ಣನ ಮಗಳಿಗೆ ಹೆಸರಿಡುವ ದಿನ. ಹೆಸರಿಡುವ ತನಕ ಕೂಸು ಗುಡ್ಡದ ನೆತ್ತಿಯ ಆಲದ ಮರದಲ್ಲೇ ತೂಗಬೇಕೆಂಬುದು ಪದ್ಧತಿ, ತೊಟ್ಟಿಲು ಅಲ್ಲಿತ್ತು. ಕೆಳಗಿನ ಗಡಿಬಿಡಿಯಲ್ಲಿ ಪಟ್ಟಣ್ಣ ಉಪ್ಪು ಕೊಡುವುದನ್ನೇ ಮರೆತ. ಬಿಸಿಲೇರುವ ತನಕ ಕಾದ ಗುಡ್ಡ ಗೂಟ ಕಿತ್ತುಕೊಂಡು ಎದ್ದೇಬಿಟ್ಟಿತು! ಉಪ್ಪು ಎಲ್ಲಿದೆ? ಕಡಲಲ್ಲಿ. ನೆಟ್ಟಗೆ ಕಡಲ ಕಡೆಗೆ ಓಟ! ಅಡ್ಡ ಬಂದ ತಾಳೆಮರಗಳು ಕಡ್ಡಿಯಂತೆ ಮುರಿದವು. ಪಟ್ಟಣ್ಣ ಗುಟ್ಟಿನ ಹೆಸರು ಕೂಗೋಣವೆಂದರೆ ಗಾಬರಿಗೆ ನಾಲಿಗೆಯೇ ಹೊರಳಲಿಲ್ಲ. "ಅಯ್ಯೋ ದುಗ್ಗಣ್ಣಾ, ನನ್ನ ಕೂಸು!" ಎಂದು ಅವನ ಹೆಂಡತಿ ಚೀರಿದಳು. "ಅಳಬೇಡಿ ಅತ್ತಿಗೆ, ಪಾಯಸ ಬಡಿಸೋದ್ರೊಳಗೆ ಬರ್ತೀನಿ" ಎಂದವನೇ ದುಗ್ಗಣ್ಣ ಅಡುಗೆಯ ಉಪ್ಪಿನ ಮೂಟೆಯನ್ನು ಹಲ್ಲಲ್ಲಿ ಕಚ್ಚಿ ಹಾರಿ, ಎರಡೂ ಕೈಯಲ್ಲಿ ಮೂಗುದಾರ ಹಿಡಿದು ಜೋತುಬಿದ್ದ. ಗುಡ್ಡ ಅವನನ್ನು ಏಳು ಹರದಾರಿ ಎಳೆದೊಯ್ದಿತು. ಅವನ ಹಿಮ್ಮಡಿ ಉತ್ತ ಗೆರೆಯೇ ಈಗಿನ ನಮ್ಮ ಹೊಳೆ ಎನ್ನುತ್ತಾರೆ. ಮುಂಗಾಲಿಗೆ ಅಲೆ ತಾಗಿತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ತೊಟ್ಟಿಲು ನೀರುಪಾಲು. ಕರೆಯೋಣವೆಂದರೆ ಹೆಸರು ಗೊತ್ತಿಲ್ಲ! ಸಿಟ್ಟಿಗೆದ್ದ ದುಗ್ಗಣ್ಣ ತೋಚಿದ್ದನ್ನು ಅರಚಿದ: "ಏ ಉಪ್ಪುನೆಕ್ಕೀ! ಇತ್ತ ತಿರುಗೋ, ಹೊಟ್ಟೆಬಾಕ!" ಹುಟ್ಟಿದಾಗಿನಿಂದ ಬೈಗುಳವನ್ನೇ ಕೇಳಿರದ ಗುಡ್ಡ ಬೆಚ್ಚಿ ಹಿಂದಕ್ಕೆ ತಿರುಗಿ, ಮೂಟೆಗೆ ನಾಲಿಗೆ ಚಾಚಿ, ಅಲ್ಲೇ ಮಂಡಿಯೂರಿತು. ತೊಟ್ಟಿಲಿನ ಕೂಸು ಆಗ ಕಣ್ಣು ಬಿಟ್ಟು ಆಕಳಿಸಿತಂತೆ. ಆ ಕೂಸೇ ನಮ್ಮಜ್ಜಿ. ಗುಡ್ಡ ಆಮೇಲೆ ಗುಟ್ಟಿನ ಹೆಸರಿಗೆ ಓಗೊಡಲೂ ಇಲ್ಲ, ಮೇಲೇಳಲೂ ಇಲ್ಲ. ಅದು ಉಪ್ಪು ನೆಕ್ಕಿದ ಬಿಳಿ ಗೆರೆ ಬಂಡೆಯ ಮೇಲೆ ಈಗಲೂ ಕಾಣುತ್ತದೆ.

ಸಾಕವ್ವ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮಾವ, ಮೂಟೆ ಹಲ್ಲಲ್ಲಿ ಕಚ್ಚಿಕೊಂಡಿದ್ದ ಅಂದ್ರಲ್ಲ. ಅರಚಿದ್ದು ಯಾವ ಬಾಯಲ್ಲಿ?"

ನಾನು ವಲ್ಲಿ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡೆ. "ಗುಡ್ಡ ನಿಂತಿತೋ ಇಲ್ಲವೋ, ಅದನ್ನ ಹೇಳವ್ವ."